ನೌಬಾದ ದಾಟಿದ ಮೇಲೆ

ಕುಂಕುಮವನ್ನು ಎಲ್ಲಿ ಅಳಿಸಿಕೊಳ್ಳಬೇಕು ಎಂಬುದೊಂದನ್ನು ಲಲಿತಾಬಾಯಿ ಯಾರ ಬಳಿಯೂ ಕೇಳಿಕೊಂಡಿರಲಿಲ್ಲ. ಉಳಿದದ್ದನ್ನೆಲ್ಲ ಕೇಳಿ ತಿಳಿದಿದ್ದಳು. ಬೀದರಿನ ಸರ್ಕಾರಿ ದವಾಖಾನೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿಸುತ್ತಾರೆ, ಒಂದೂವರೆ ವರ್ಷ ಅಲ್ಲಿಯೇ ಇರಬೇಕು, ಊಟ ವಸತಿ ಅವರದೇ, ಕಲಿತು ಮುಗಿದ ಮೇಲೆ ಯಾವುದಾದರೂ ತಾಲೂಕಿನ ದವಾಖಾನೆಗೆ ಕಳಿಸುತ್ತಾರೆ. ಇದೆಲ್ಲ ಗೊತ್ತಿತ್ತು. ಆದರೆ ಬೆಳಿಗ್ಗೆ ಮೆಹಕರದ ಮನೆಯಲ್ಲಿ ಕನ್ನಡಿಯ ಮುಂದೆ ನಿಂತಾಗ ಬೆರಳು ರೂಢಿಯಂತೆ ತಾನಾಗಿಯೇ ಭರಣಿಗೆ ಹೋಗಿ ಹಣೆಗೆ ಬಂದಿತ್ತು. ಹೊಸ್ತಿಲಲ್ಲಿ ಮೈದುನ ಭಾಲಚಂದ್ರನ ಹೆಂಡತಿ ಸುಲಭಾ ತುಂಬಿದ ಹೊಟ್ಟೆ ಹೊತ್ತುಕೊಂಡು ನಿಂತಿದ್ದಳು. ಬಸುರಿಯ ಎದುರು ಬರಿಹಣೆಯಲ್ಲಿ ಹೊರಡುವುದು ಹೇಗೆ? ಭಾಲ್ಕಿಯಲ್ಲಿ ಬಸ್ಸು ಹತ್ತುವಾಗ ಪರಿಚಯದವರು ಮಾತನಾಡಿಸಿದರು. ಅಲ್ಲಿಯೂ ಆಗಲಿಲ್ಲ. ಈಗ ಕಿಟಕಿಯ ಹೊರಗೆ ಎರೆಹೊಲಗಳು ಮುಗಿದು ಕೆಂಪು ಮಣ್ಣು ಶುರುವಾಗಿತ್ತು. ಕೆಂಪು ಮಣ್ಣು ಬಂತೆಂದರೆ ಬೀದರು ದೂರವಿಲ್ಲ. ಹಣೆಯ ಮೇಲೆ ಅದು ಇದ್ದಲ್ಲಿಯೇ ಇತ್ತು. ಬೆವರಿನಿಂದ ಅದರ ಅಂಚು ಹಸಿಯಾಗಿ ಕಡಿಯುತ್ತಿರುವುದು ಅವಳಿಗೆ ತಿಳಿಯುತ್ತಿತ್ತು.

ಪಕ್ಕದಲ್ಲಿ ಅತ್ತೆ ಸುಂದರಬಾಯಿ ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತ ಕುಳಿತಿದ್ದಳು. ದವಾಖಾನೆಯಲ್ಲಿ ಅತ್ತೆ ಹೇಳಬೇಕಾದದ್ದು ಒಂದೇ ಮಾತು. ನನ್ನ ಮಗ ಸತ್ತಿದ್ದಾನೆ. ಅಷ್ಟು ಹೇಳಿದರೆ ಲಲಿತಾಬಾಯಿಗೆ ಸೀಟು ಸಿಗುತ್ತದೆ. ಈ ದಾರಿಯನ್ನು ತೋರಿಸಿಕೊಟ್ಟವಳು ನರ್ಸ್ ಜಾನಕಿಬಾಯಿ. ಮಳೆಗಾಲದಲ್ಲಿ ಭಾಲ್ಕಿಗೆ ಸೂಜಿ ಚುಚ್ಚಲು ಬಂದಿದ್ದ ಅವಳ ಹಿಂದೆ ಲಲಿತಾಬಾಯಿ ಓಣಿ ಓಣಿ ತಿರುಗಿ, ಕೊನೆಗೆ ಒಂದು ಕಟ್ಟೆಯ ಮೇಲೆ ಹಿಡಿದು ಕೂರಿಸಿಕೊಂಡಿದ್ದಳು.

"ಒಳಗ ಬರಾಕ ದಾರಿ ಅದಾವ್ರಿ ಬಾಯಿ, ಇಲ್ಲಂತಲ್ಲ," ಎಂದಿದ್ದಳು ಜಾನಕಿಬಾಯಿ. "ಆದ್ರ ನಿಮಗ ಯಾವುದು ಕೂಡ್ತದ ನೋಡಬೇಕು. ಏಳನೇತ್ತೆ ಪಾಸಾಗಿರಬೇಕು, ವಯಸ್ಸು ಮೂವತ್ತರ ಒಳಗಿರಬೇಕು, ಗಂಡ ಬಂದು ಒಪ್ಪಿಗಿ ಅಂತ ಹೇಳಬೇಕು. ಇದು ಎಲ್ಲಾರ ದಾರಿ. ನಿಮ್ದು ಸಾಲಿ ಎಷ್ಟಾಗ್ಯದ?"

"ನಾಕನೇತ್ತೆರಿ. ಔರಾದದಾಗ, ಮರಾಠಿ ಸಾಲಿ. ವಯಸ್ಸು ಮೂವತ್ತನಾಕು."

"ಮತ್ತ ಇನ್ನೊಂದು, ಸೂಲಗಿತ್ತೇರಿಗೆ ಇರೋದು. ಊರಾಗ ಮೊದಲೇ ಅದೇ ಕೆಲಸ ಮಾಡ್ಕೊಂತ ಬಂದವರಿಗೆ ಒಂದೆರಡು ತಿಂಗಳು ಕಲಿಸಿ ಕಳಸ್ತಾರ. ಅದು ನಿಮ್ಮ ಮನ್ಯಾಗ ನಡ್ಯಾಂಗಿಲ್ಲ, ನಿಮಗ ಬರಾಂಗೂ ಇಲ್ಲ." ಹಾಗೆಂದು ಜಾನಕಿಬಾಯಿ ಸ್ವಲ್ಪ ಹೊತ್ತು ಅವಳ ಹಣೆಯನ್ನೇ ನೋಡಿದಳು. "ನಿಮ್ಮ ಯಜಮಾನ್ರು ಎಲ್ಲಿರ್ತಾರ?"

"ರಜಾಕಾರರ ಗದ್ದಲದಾಗ ಹೋದವರು ಇನ್ನಾ ಬಂದಿಲ್ರಿ."

"ಮೂರು ವರ್ಷಾತಲ್ರಿ," ಎಂದಳು ನರ್ಸ್, ಮೆಲ್ಲಗೆ. "ಗದ್ದಲದಾಗ ಗಂಡನ್ನ ಕಳಕೊಂಡ ಹೆಣ್ಣಮಕ್ಕಳಿಗೆ ಬ್ಯಾರೆ ಸೀಟು ಇಟ್ಟಾರ. ನಾಕನೇತ್ತೆ ನಡೀತದ, ವಯಸ್ಸೂ ನಡೀತದ. ಮನ್ಯಾಗಿನ ಹಿರ್ಯಾರು ಒಬ್ಬರು ಬಂದು ಹೌದಂತ ಹೇಳಿದ್ರ ಸಾಕು. ಬಾಯಿಮಾತು."

ಬಾಯಿಮಾತು. ಆ ಶಬ್ದ ಲಲಿತಾಬಾಯಿಯ ಕಿವಿಯಲ್ಲಿ ಉಳಿದುಬಿಟ್ಟಿತು. ಗಂಡ ಚಂದ್ರಕಾಂತ ಹೋಗುವಾಗ ಕೊಟ್ಟದ್ದೂ ಬಾಯಿಮಾತೇ. ಜ್ಯೇಷ್ಠದ ಒಂದು ಮುಂಜಾನೆ, ಊರಿನ ಹುಡುಗರ ಜೊತೆ ನಿಜಾಮನ ವಿರುದ್ಧ ಹೋರಾಡುವವರು ಗಡಿಯ ಆಚೆ ಹಾಕಿದ್ದ ಕ್ಯಾಂಪಿಗೆ ಹೊರಟು ನಿಂತವನು, ಅಂಗಳದಲ್ಲಿ ಎಲ್ಲರ ಎದುರು ಬಸುರಿ ಹೆಂಡತಿಯನ್ನು ಮಾತನಾಡಿಸಲು ನಾಚಿ, ದನದ ಕೊಟ್ಟಿಗೆಗೆ ಬಂದು, ಎಮ್ಮೆಯ ಬೆನ್ನು ಸವರುತ್ತ ಎಮ್ಮೆಗೆ ಹೇಳುವವನಂತೆ ಹೇಳಿದ್ದ: "ಹಡಿಯೂದ್ರಾಗ ಬರ್ತೇನಿ." ಅವಳಿಗೆ ಆಗ ನಗು ಬಂದಿತ್ತು. ಎಮ್ಮಿ ಗಬ್ಬ ಇಲ್ರಿ ಎಂದಿದ್ದಳು. ಅವನೂ ನಕ್ಕಿದ್ದ. ಆಮೇಲೆ ಅವನ ಸುದ್ದಿಗಳು ಮಾತ್ರ ಬಂದವು. ಸೋಲಾಪುರದ ಗಿರಣಿಯಲ್ಲಿ ನೋಡಿದೆನೆಂದು ಒಬ್ಬ, ಲಾತೂರಿನಲ್ಲಿ ಅಂಗಡಿ ಇಟ್ಟಿದ್ದಾನೆಂದು ಇನ್ನೊಬ್ಬ, ಮುಂಬಯಿಗೆ ಹೋದನೆಂದು ಮತ್ತೊಬ್ಬ. ಪೊಲೀಸ್ ಆ್ಯಕ್ಷನ್ ಮುಗಿದು ನಿಜಾಮನ ಬಾವುಟ ಇಳಿದು, ಕ್ಯಾಂಪಿಗೆ ಹೋದವರು ಒಬ್ಬೊಬ್ಬರಾಗಿ ಮನೆಗೆ ಬಂದು ಗಡ್ಡ ಬೋಳಿಸಿಕೊಂಡು ಹೊಲಕ್ಕೆ ಇಳಿದರು. ಸೋಲಾಪುರದ ಸುದ್ದಿ ಬಂದ ದಿನ ಅವಳು ಗಂಡನ ಮೇಲೆ ಸಿಟ್ಟಾಗಿದ್ದಳು, ಲಾತೂರಿನ ಸುದ್ದಿ ಬಂದಾಗ ಅಲ್ಲೊಬ್ಬ ಹೆಂಗಸನ್ನೂ ಕಲ್ಪಿಸಿಕೊಂಡಳು, ಆ ಹೆಂಗಸಿಗೆ ಬಣ್ಣ ಎತ್ತರ ಎಲ್ಲ ಕೊಟ್ಟಳು. ಸಿಟ್ಟಾಗಲು ಅವನು ಎಲ್ಲೋ ಇರಬೇಕಷ್ಟೆ. ಹಾಗೆ ಮೂರು ವರ್ಷ ಅವನನ್ನು ಅವಳು ಸಿಟ್ಟಿನಿಂದಲೇ ಸಾಕಿದ್ದಳು. ಈಗ ಒಂದು ಸೀಟಿಗಾಗಿ ಅವನನ್ನು ಕೊಲ್ಲಲು ಹೊರಟಿದ್ದಾಳೆ.

ಇದನ್ನು ಅತ್ತೆಗೆ ಹೇಳಿದ್ದು ತೊಗರಿಯ ಹೊಲದಲ್ಲಿ, ಕಳೆ ತೆಗೆಯುವಾಗ. ಮುಖ ನೋಡಿ ಹೇಳುವ ಧೈರ್ಯವಿರಲಿಲ್ಲ. ಇಬ್ಬರೂ ಬಗ್ಗಿ ಕುಳಿತಿದ್ದಾಗ, ಕಳೆಯ ಬುಡಕ್ಕೆ ಹೇಳುವಂತೆ ಹೇಳಿದ್ದಳು. ಅತ್ತೆ ಅಳುತ್ತಾಳೆ, ಬಯ್ಯುತ್ತಾಳೆ, ನನ್ನ ಮಗನನ್ನು ನನ್ನ ಬಾಯಿಂದಲೇ ಕೊಲ್ಲಿಸುತ್ತೀಯಾ ಎನ್ನುತ್ತಾಳೆ ಎಂದುಕೊಂಡು ಅದಕ್ಕೆಲ್ಲ ಉತ್ತರ ಜೋಡಿಸಿಟ್ಟುಕೊಂಡಿದ್ದಳು. ಸುಂದರಬಾಯಿ ಸಾಲಿನ ಕೊನೆಯವರೆಗೂ ಕಳೆ ಕೀಳುತ್ತ ಹೋದಳು. ಹೊರಳಿ ಬಂದು, ಕೈಗೆ ಹತ್ತಿದ ಮಣ್ಣನ್ನು ಒಂದಕ್ಕೊಂದು ಉಜ್ಜಿ, "ಬರ್ತೇನಿ. ಎಂದು ಹೋಗೂದು?" ಎಂದಳು. ಅಷ್ಟೇ. ಅವತ್ತು ಸಂಜೆ ಅತ್ತೆ ಎಂದಿನಂತೆ ಉಂಡಳು, ಎಂದಿನಂತೆ ಇನ್ನೊಂದು ತುಂಡು ರೊಟ್ಟಿ ಕೇಳಿದಳು. ಲಲಿತಾಬಾಯಿಗೆ ಅವಳ ಅಗಿಯುವ ಬಾಯಿಯನ್ನು ನೋಡಲಾಗಲಿಲ್ಲ. ತಾಯಿಯಾದವಳಿಗೆ ಇದು ಇಷ್ಟು ಸುಲಭವೇ? ತನಗೆ ಬೇಕಾದದ್ದನ್ನೇ ಅತ್ತೆ ಕೊಟ್ಟಿದ್ದಳು. ಹಾಗೆ ಕೊಟ್ಟದ್ದಕ್ಕಾಗಿಯೇ ಅವಳ ಮೇಲೆ ಹೇಸಿಗೆಯಾಯಿತು. ಆಮೇಲೆ ಆ ಹೇಸಿಗೆ ತನ್ನ ಮೇಲೆಯೇ ತಿರುಗಿತು. ಅದರಿಂದ ತಪ್ಪಿಸಿಕೊಳ್ಳಲು ಒಂದು ಉಪಾಯ ಮಾಡಿಕೊಂಡಳು. ನೌಬಾದ ದಾಟಿದರೆ ಬೀದರು. ನೌಬಾದದ ಆ ಕಡೆಗೆ ತಾನು ವಿಧವೆ, ಈ ಕಡೆಗೆ ಮುತ್ತೈದೆ. ರಜೆಯಲ್ಲಿ ಊರಿಗೆ ಬರುವಾಗ ನೌಬಾದದಲ್ಲಿ ಮತ್ತೆ ಕುಂಕುಮ ಹಚ್ಚಿಕೊಂಡರಾಯಿತು, ಬಳೆ ತೊಟ್ಟುಕೊಂಡರಾಯಿತು. ಒಡೆಯದೆ ತೆಗೆದರೆ ಬಳೆಗೆ ಏನಾಗುತ್ತದೆ? ಚಂದ್ರಕಾಂತ ಬಂದಾಗ ಅವನಿಗೂ ಹೇಳಿ ನಗಬಹುದು. ನಿಮ್ಮನ್ನ ಬೀದರದಾಗ ಅಷ್ಟೇ ಕೊಂದಿದ್ದೆ, ಮೆಹಕರದಾಗ ಅಲ್ಲ.

ಆದರೆ ಈ ಸೀಟು ಅವಳಿಗೆ ಯಾಕೆ ಬೇಕಾಗಿತ್ತು ಎಂಬುದನ್ನು ಮಾತ್ರ ಅತ್ತೆಗೆ ಹೇಳಿರಲಿಲ್ಲ. ಭಾಲಚಂದ್ರನಿಗೆ ಹೊರೆಯಾಗಬಾರದೆಂದು ಎಂದಿದ್ದಳು. ಅದು ಸುಳ್ಳಲ್ಲ, ಆದರೆ ಕಾರಣವೂ ಅದಲ್ಲ. ಅವನು ಹೋದ ವರ್ಷದ ಶ್ರಾವಣದಲ್ಲಿ ಅವಳ ದಿನ ತುಂಬಿದಾಗ ರಜಾಕಾರರ ಗದ್ದಲಕ್ಕೆ ಹಾದಿಗಳೆಲ್ಲ ಕಟ್ಟಿದ್ದವು. ಮೆಹಕರದ ಮಕ್ಕಳನ್ನೆಲ್ಲ ಹಿಡಿದವಳು ಸೂಲಗಿತ್ತಿ ಬಿಸ್ಮಿಲ್ಲಾಬೀ. ಆ ದಿನಗಳಲ್ಲಿ ಅವಳನ್ನು ಕರೆಯಲು ಇವರಿಗೆ ಭಯ, ಬರಲು ಅವಳಿಗೆ ಭಯ. ಎರಡು ಓಣಿಯ ಆಚೆ ಅವಳು ಬಾಗಿಲು ಹಾಕಿಕೊಂಡು ಕುಳಿತಳು, ಇಲ್ಲಿ ಇವರು ಬಾಗಿಲು ಹಾಕಿಕೊಂಡರು. ಸುಂದರಬಾಯಿಯೇ ಸೊಸೆಯ ಕಾಲ ಬಳಿ ಕುಳಿತಳು. ಮೂರು ಹಡೆದವಳು, ಆದರೆ ಹಡೆಯುವುದು ಬೇರೆ, ಹಿಡಿಯುವುದು ಬೇರೆ. ತಲೆ ಬಂತೆಂದು ಅತ್ತೆ ಕೂಗಿದ್ದು ನೆನಪಿದೆ. ಆಮೇಲೆ ಅತ್ತೆಯ ದನಿ ನಿಂತುಹೋದದ್ದು ನೆನಪಿದೆ. ಕೂಸು ಹೆಣ್ಣು. ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು, ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ದೇವರು ಕೊರಳಿಗೆ ಹಗ್ಗ ಹಾಕೇ ಕಳಿಸಿದ್ದ ತಂಗಿ, ಏನು ಮಾಡಲಿ, ಎಂದು ಅತ್ತೆ ಅತ್ತಳು. ಮೂರು ವರ್ಷ ಲಲಿತಾಬಾಯಿ ಅದನ್ನು ನಂಬಿದ್ದಳು. ಭಾಲ್ಕಿಯ ಕಟ್ಟೆಯ ಮೇಲೆ, ಹೋಗಲು ಎದ್ದ ಜಾನಕಿಬಾಯಿಯನ್ನು ಸುಮ್ಮನೆ ಬೇರೆ ಯಾರದೋ ಕಥೆಯೆಂಬಂತೆ ಕೇಳಿದಳು: ಹಾಂಗ ಸುತ್ತಿ ಬಂದ ಕೂಸು ಬದುಕೂದೇ ಇಲ್ಲೇನ್ರಿ? ಜಾನಕಿಬಾಯಿ ಚೀಲ ಹೆಗಲಿಗೇರಿಸುತ್ತ, "ಅಯ್ಯ, ಎಷ್ಟೋ ಕೂಸು ಹಾಂಗೇ ಬರ್ತಾವ. ತಲಿ ಬಂದ ಕೂಡ್ಲೆ ಒಂದು ಬೆರಳು ಹಾಕಿ ಸಡಲ ಮಾಡಿ ತಲಿ ಮ್ಯಾಲಿಂದ ದಾಟಸಿದ್ರ ಆತು" ಎಂದಳು. ಒಂದು ಬೆರಳು. ಅವತ್ತಿನಿಂದ ಅವಳು ಅತ್ತೆಯ ಕೈಗಳನ್ನು ನೋಡತೊಡಗಿದಳು. ರೊಟ್ಟಿ ಬಡಿಯುವ ಕೈ, ಸಗಣಿ ತಟ್ಟುವ ಕೈ. ಆ ಕೈಗೆ ಹತ್ತು ಬೆರಳಿದ್ದವು. ಹೇಳಬಾರದು ಎಂದುಕೊಂಡಳು. ಹೇಳಿದರೆ ಮುದುಕಿ ಉಳಿಯುವುದಿಲ್ಲ. ತಾನು ಈ ಜನ್ಮದಲ್ಲಿ ಮಾಡಿದ ಒಂದು ಒಳ್ಳೆಯ ಕೆಲಸ ಇದು ಎಂದು ಆಗಾಗ ಅವಳಿಗೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದ್ದಕ್ಕೂ ನಾಚಿಕೆಯಾಗುತ್ತಿತ್ತು.

ನೌಬಾದದಲ್ಲಿ ಬಸ್ಸು ತಾನಾಗಿಯೇ ನಿಂತಿತು. ಎಂಜಿನ್ ಕಾದು ಹೊಗೆಯಂತೆ ಹಬೆ ಏಳುತ್ತಿತ್ತು. ಡ್ರೈವರ್ ಬಾವಿಯಿಂದ ಬಕೀಟು ನೀರು ತಂದು ಮೂತಿಗೆ ಸುರಿಯುತ್ತಿದ್ದ. ಜನ ಇಳಿದು ಬೇವಿನ ನೆರಳಿಗೆ ನಿಂತರು. ಲಲಿತಾಬಾಯಿ ಬಸ್ಸಿನ ಹಿಂದಕ್ಕೆ ಹೋಗಿ ಬಳೆ ತೆಗೆಯತೊಡಗಿದಳು. ಹಬ್ಬಕ್ಕೆ ಇಡಿಸಿದಾಗ ಸಲೀಸಾಗಿ ಏರಿದವು ಈಗ ಗೆಣ್ಣಿಗೆ ಸಿಕ್ಕಿಬಿದ್ದವು. ಒಂದು ಒಡೆದು ಮುಂಗೈಗೆ ಗೀರಿತು. ಉಳಿದವನ್ನು, ಜೊತೆಗೆ ಬಿಚ್ಚಿದ ತಾಳಿ ಕಾಲುಂಗುರಗಳನ್ನು, ಸೆರಗಿನ ತುದಿಗೆ ಕಟ್ಟಿಕೊಂಡು ಬಂದು, "ಅಣ್ಣಾ, ಒಂದೀಟು ನೀರ ಹಾಕ್ತೀರೇನ್ರಿ?" ಎಂದು ಕೈಯೊಡ್ಡಿದಳು. ಡ್ರೈವರ್ ಕುಡಿಯಲು ಎಂದುಕೊಂಡು, "ಬಕೀಟಿಗೆ ಎಣ್ಣಿ ಹತ್ಯದ್ರಿ ಬಾಯಿ, ಕುಡೀಬ್ಯಾಡ್ರಿ" ಎಂದ. ಅವಳು ಹಣೆಗೆ ಹಾಕಿಕೊಂಡು ಉಜ್ಜಿದಳು. ಬಣ್ಣ ಕರಗಿ ಮೂಗಿನ ಮೇಲೆ ಇಳಿಯಿತು, ಆದರೆ ವರ್ಷಗಟ್ಟಲೆ ಹಚ್ಚಿದಲ್ಲಿ ಒಂದು ಕಲೆ ಉಳಿಯಿತು. ಸೆರಗಿನಿಂದ ಮತ್ತೆ ಮತ್ತೆ ತಿಕ್ಕಿದಳು. ಡ್ರೈವರ್ ಬಕೀಟು ಹಿಡಿದು ನಿಂತವನು ಮುಖ ತಿರುಗಿಸಿದ. ಭಾಲ್ಕಿಯಿಂದ ಎದುರಿನ ಸೀಟಿನಲ್ಲಿ ಕುಳಿತಿದ್ದ ಹೆಂಗಸೊಬ್ಬಳು ನೆರಳಿನಿಂದ ಎಲ್ಲವನ್ನೂ ನೋಡುತ್ತಿದ್ದಳು. ಅವಳ ತೊಡೆಯ ಮೇಲಿನ ಕೂಸು ದಾರಿಯುದ್ದಕ್ಕೂ ಲಲಿತಾಬಾಯಿಯ ಬಳೆಗಳ ಜೊತೆ ಆಡಿಕೊಂಡು ಬಂದಿತ್ತು. ಬಸ್ಸು ಹತ್ತಿದಾಗ ಆ ಹೆಂಗಸು ಕೂಸನ್ನು ಈ ತೊಡೆಯಿಂದ ಆ ತೊಡೆಗೆ ಸರಿಸಿ, ಸೆರಗು ಮುಚ್ಚಿ, ಕಿಟಕಿಯ ಕಡೆ ತಿರುಗಿದಳು. ಕೂಸು ಸೆರಗಿನೊಳಗಿಂದ ಕೈ ಹೊರಗೆ ಹಾಕಿ ಹುಡುಕುತ್ತಿತ್ತು. ಸುಂದರಬಾಯಿ ಸೊಸೆಯ ಹಣೆಯನ್ನು ಒಮ್ಮೆ ನೋಡಿದಳು. ಮತ್ತೆ ದವಾಖಾನೆ ಬರುವವರೆಗೆ ಅವಳ ಕಡೆ ಕಣ್ಣೆತ್ತಲಿಲ್ಲ.

ದವಾಖಾನೆಯ ಪಡಸಾಲೆಯಲ್ಲಿ ಫಿನಾಯಿಲಿನ ವಾಸನೆ. ಅಲ್ಲಿ ಗೋಡೆಗೆ ಒರಗಿ ಕುಳಿತ ಹೆಂಗಸರೆಲ್ಲರ ಹಣೆಯೂ ಬರಿದಾಗಿತ್ತು, ಆದರೆ ಅವರ ಹಣೆ ಹಳೆಯದಾಗಿತ್ತು. ತನ್ನದೊಂದೇ ತಿಕ್ಕಿ ಕೆಂಪಾದ ಹಣೆ. ನೋಡಿದವರಿಗೆ ತಿಳಿಯುತ್ತದೆ ಎಂದು ಲಲಿತಾಬಾಯಿ ಸೆರಗನ್ನು ಮುಂದೆ ಎಳೆದುಕೊಂಡಳು. ಅವಳ ಸರದಿ ಬಂದಾಗ ಅತ್ತೆಯೂ ಜೊತೆಗೆ ಒಳಗೆ ಬಂದಳು. ಮೇಜಿನ ಆಚೆ ಲೇಡಿ ಡಾಕ್ಟರ್, ಹೈದರಾಬಾದಿನವಳು, ಕನ್ನಡ ಬಾರದು. ಪಕ್ಕದಲ್ಲಿ ಗುಮಾಸ್ತ ಮುನೀರೋದ್ದೀನ, ಬಿಳಿಗಡ್ಡದ ಮನುಷ್ಯ, ಅವಳ ಉರ್ದುವನ್ನು ಇವರಿಗೂ ಇವರ ಕನ್ನಡವನ್ನು ಅವಳಿಗೂ ದಾಟಿಸುತ್ತಿದ್ದ.

"ಇದುವರೆಗೆ ಎಷ್ಟು ಹೆರಿಗಿ ನೋಡೀರಿ ಅಂತ ಕೇಳ್ತಾರ ಡಾಕ್ಟರಸಾಬ್."

"ಒಂದ್ರಿ," ಎಂದಳು ಲಲಿತಾಬಾಯಿ. "ನಂದೇ."

ಮುನೀರೋದ್ದೀನ ಅದನ್ನು ದಾಟಿಸುವ ಮೊದಲು ತಾನೇ ಕೇಳಿದ. "ಕೂಸು ಅದ ಏನ್ರಿ?"

"ಇಲ್ರಿ."

ಪಕ್ಕದಲ್ಲಿ ಅತ್ತೆ ನೆಲ ನೋಡಿದಳು. ಡಾಕ್ಟರ್ ಬಾಯಿ ಕನ್ನಡಕ ಸರಿಮಾಡಿಕೊಂಡು ಸುಂದರಬಾಯಿಯತ್ತ ತಿರುಗಿ ಏನೋ ಕೇಳಿದಳು. ಗುಮಾಸ್ತ ಹೇಳಿದ: "ನಿಮ್ಮ ಮಗ ತೀರಿಕೊಂಡದ್ದು ಖಾತ್ರಿ ಅದ ಏನ್ರಿ ಅಮ್ಮಾ? ಹ್ಯಾಂಗಾತು, ಎಲ್ಲಿ, ಇಷ್ಟು ಹೇಳ್ರಿ. ಹೆದರಬ್ಯಾಡ್ರಿ."

ಇದನ್ನು ಅವರು ಅಭ್ಯಾಸ ಮಾಡಿರಲಿಲ್ಲ. ಹೌದು ಎಂದರೆ ಸಾಕು ಎಂದಷ್ಟೇ ಲಲಿತಾಬಾಯಿ ಹೇಳಿಕೊಟ್ಟಿದ್ದಳು. ಎಲ್ಲ ಹೋಯಿತು ಎಂದುಕೊಂಡಳು. ಸುಂದರಬಾಯಿ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು.

"ಮಾಂಜ್ರಾ ನದ್ಯಾಗರಿ," ಎಂದಳು. "ಭಾದ್ರಪದದಾಗ. ನಿಜಾಮ ಸೋತ, ಮನಿಗೆ ಹೋಗ್ರಿ ಅಂತ ಕ್ಯಾಂಪಿನ್ಯಾಗ ಹೇಳಿದ್ರಂತ. ಅವತ್ತೇ ಹೊಂಟಾನ. ಔರಾದದ ಕಡಿಂದ ಬಂದಾನ. ನದಿ ತುಂಬಿತ್ತರಿ. ಖಟಕ ಚಿಂಚೋಳಿ ಊರಿನ ಮಡೆಪ್ಪಂತ ಒಬ್ಬಾವ, ಕುರಿ ಕಾಯಾವ, ದಂಡಿ ಮ್ಯಾಲೆ ಕುರಿ ನಿಲ್ಲಿಸ್ಕೊಂಡಿದ್ದ. ಅವನ್ನ ಕೇಳ್ಯಾನ, ಮೆಹಕರದ ಸುದ್ದಿ ಏನರ ಗೊತ್ತದೇನಪಾ, ನಮ್ಮನ್ಯಾಗ ಹಡದಾಳಂತೇನು, ಗಂಡೋ ಹೆಣ್ಣೋ, ಅಂತ. ಮಡೆಪ್ಪ ನನಗ ತಿಳೀದು ಅಂದಾನ. ನೀರು ಇಳೀಲಿ, ನಾಳಿಗೆ ದಾಟು ಅಂದಾನ. ಇವ ಕೇಳಿಲ್ಲರಿ. ದಿನಾ ತುಂಬಿ ಹೋಗ್ಯಾವ, ನಾ ಬರ್ತೇನಂತ ಹೇಳಿ ಬಂದೀನಿ ಅಂದಾನ. ಅರ್ಧಾ ದಾಟ್ಯಾನ."

ಲಲಿತಾಬಾಯಿಗೆ ಮೊದಲು ಆಶ್ಚರ್ಯವಾಯಿತು. ಅತ್ತೆಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳಲು ಬರುತ್ತದೆಯೇ? ರಜಾಕಾರರು ಮನೆಗೆ ಬಂದು ಮಗ ಎಲ್ಲಿ ಎಂದು ಕೇಳಿದಾಗ ಬೀಗರ ಊರಿಗೆ ಹೋಗಿದ್ದಾನೆ ಎನ್ನಲೂ ನಾಲಗೆ ತೊದಲಿದ ಮುದುಕಿ ಇದು. ಯಾವ ಮಡೆಪ್ಪ? ಎಲ್ಲಿಂದ ತಂದಳು ಆ ಕುರಿಗಳನ್ನು? ಮಾತು ಮುಂದುವರಿಯುತ್ತಿತ್ತು. ಎರಡು ದಿನದ ಮೇಲೆ ಕೆಳಗಿನ ತಿರುವಿನಲ್ಲಿ ಜಾಲಿಗೆ ಸಿಕ್ಕಿದ್ದ. ಮಡೆಪ್ಪನೇ ತೆಗೆದು ದಂಡೆಯಲ್ಲಿ ಮಣ್ಣು ಮಾಡಿದ್ದ. ಮುಖ ಗುರುತು ಸಿಗುವಂತಿರಲಿಲ್ಲ. "ಎಡಗಾಲ ಹೆಬ್ಬಟ್ಟಿಗೆ ಉಗುರಿದ್ದಿಲ್ಲ ಅಂದಾನ್ರಿ ಅವ. ಸಣ್ಣಾಂವ ಇದ್ದಾಗ ಎತ್ತು ತುಳದಿತ್ತು. ಆಮ್ಯಾಲೆ ಬರಲೇ ಇಲ್ಲ, ಆ ಉಗುರು." ಇಷ್ಟು ಹೇಳಿ ಸುಂದರಬಾಯಿ ತನ್ನ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಉಗುರಿಲ್ಲದ್ದು ಅವಳ ಬೆರಳೇ ಎಂಬಂತೆ. ಆಗ ಲಲಿತಾಬಾಯಿಯ ಕಿವಿಯಲ್ಲಿ ಒಂದು ಸದ್ದು ಶುರುವಾಯಿತು. ಗುಮಾಸ್ತನ ತುಟಿ ಅಲುಗುವುದು ಕಾಣಿಸುತ್ತಿತ್ತು, ಏನೂ ಕೇಳಿಸುತ್ತಿರಲಿಲ್ಲ. ಗಂಡನ ಕಾಲಿನ ಆ ಹೆಬ್ಬೆರಳನ್ನು ಅವಳು ಬಲ್ಲಳು. ಚಳಿಗಾಲದಲ್ಲಿ ಅದು ಬಿರಿಯುತ್ತಿತ್ತು, ಅದಕ್ಕೆ ಎಣ್ಣೆ ಹಚ್ಚಿದವಳು ತಾನು. ಲಾತೂರಿನ ಅಂಗಡಿ, ಸೋಲಾಪುರದ ಗಿರಣಿ, ಆ ಎತ್ತರದ ಹೆಂಗಸು, ಎಲ್ಲ ಒಟ್ಟಿಗೆ ಇಲ್ಲವಾದವು. ಅವನು ಎಲ್ಲಿಗೂ ಹೋಗಿರಲಿಲ್ಲ. ಮನೆಗೇ ಬರುತ್ತಿದ್ದ. ಕೇಳಿಕೊಂಡು ಬರುತ್ತಿದ್ದ, ಗಂಡೋ ಹೆಣ್ಣೋ.

ಮುನೀರೋದ್ದೀನ ಎಲ್ಲವನ್ನೂ ಡಾಕ್ಟರ್ ಬಾಯಿಗೆ ಹೇಳಿ ಮುಗಿಸಿ, ಆಮೇಲೆ ತನ್ನಷ್ಟಕ್ಕೆ ತಾನು ಎನ್ನುವಂತೆ ಸುಂದರಬಾಯಿಗೆ ಹೇಳಿದ: "ನಿಮಗ ಮಣ್ಣು ಮಾಡಿದ ಜಾಗಾನರ ಗೊತ್ತದ ಅಮ್ಮಾ. ಅದೇ ಗದ್ದಲದಾಗ ಹೋದ ನಮ್ಮ ತಮ್ಮಂದು ಅದೂ ಗೊತ್ತಿಲ್ಲ." ಸುಂದರಬಾಯಿ ಅವನಿಗೆ ಕೈ ಮುಗಿದಳು. ಡಾಕ್ಟರ್ ಬಾಯಿ ಲಲಿತಾಬಾಯಿಯ ಮುಖ ನೋಡಿ ಮತ್ತೇನೂ ಕೇಳಲಿಲ್ಲ. ಸೀಟು ಸಿಕ್ಕಿತು. ಇವತ್ತಿನಿಂದಲೇ ಇರಬಹುದು, ಹಿಂದಿನ ಕೋಣೆಯಲ್ಲಿ ಜಾಗವಿದೆ ಎಂದು ಗುಮಾಸ್ತ ಹೇಳಿದ. ಅವಳು ಹೂಂ ಎಂದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಕಟ್ಟೆ. ಇಬ್ಬರೂ ಅಲ್ಲಿ ಕುಳಿತರು. ಹಗ್ಗದ ಮೇಲೆ ಒಣಗಲು ಹಾಕಿದ ಬಿಳಿ ಬಟ್ಟೆಗಳು ಗಾಳಿಗೆ ಬಡಿದುಕೊಳ್ಳುತ್ತಿದ್ದವು. ಸುಂದರಬಾಯಿ ಗಂಟು ಬಿಚ್ಚಿ ರೊಟ್ಟಿಯನ್ನು ಮುಂದಿಟ್ಟಳು. ಲಲಿತಾಬಾಯಿ ಅದನ್ನು ಮುಟ್ಟಲಿಲ್ಲ.

"ಖರೇ ಏನ್ರಿ ಅತ್ತಿ?"

"ಹೂಂ."

"ಎಂದಿಂದ ಗೊತ್ತದ?"

"ಅದೇ ವರ್ಷದ ದೀಪಾವಳಿಗೆ ಮಡೆಪ್ಪ ಬಂದಿದ್ದ. ನೀ ನೀರಿಗೆ ಹೋಗಿದ್ದಿ. ಆಮ್ಯಾಲೆ ನಾ ಹರಕಿ ಅದ ಅಂತ ಹೇಳಿ ಔರಾದದ ಕಡಿ ಹೋಗಿದ್ದೆನಲ್ಲ, ಆವಾಗ ಜಾಗಾ ತೋರಿಸ್ದ."

"ನನಗ್ಯಾಕ ಹೇಳಲಿಲ್ರಿ?" ದನಿ ಅವಳಿಗೇ ಬೇರೆಯವರದೆಂಬಂತೆ ಕೇಳಿಸಿತು. "ಮೂರು ವರ್ಷ ದಿನಾ ಮುಂಜಾನಿ ಹಚ್ಚಿಕೊಂಡೀನಿ. ಹಬ್ಬಕ್ಕ ಬಳಿ ಇಡಿಸಿದ್ರಿ. ಅವರಿಗೆ ಬೈದೀನಿ. ಮನಸಿನ್ಯಾಗ ಏನೇನು ಬೈದೀನಿ ನಿಮಗೇನು ಗೊತ್ತು. ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮಪ್ಪ ಬಂದು ಔರಾದಕ್ಕ ಕರಕೊಂಡು ಹೋಗ್ತಿದ್ದ," ಎಂದಳು ಸುಂದರಬಾಯಿ. "ನೀನೂ ಹೋಗಿ, ಮನ್ಯಾಗ ಅವಂದು ಅಂಬೂದು ಏನೂ ಉಳೀತಿದ್ದಿಲ್ಲ. ಮುಂಜಾನಿ ಎದ್ದು ನಿನ್ನ ಹಣಿ ನೋಡ್ತಿದ್ದೆ ತಂಗಿ. ಅದು ಕೆಂಪಗ ಇದ್ರ ಮಡೆಪ್ಪ ಸುಳ್ಳು ಹೇಳ್ಯಾನೇನೋ ಅನಸ್ತಿತ್ತು. ನೀ ಹೊಲದಾಗ ಬಂದು ಕೇಳಿದಿ, ಸತ್ತಾನಂತ ಹೇಳ್ರಿ ಅಂತ. ಇನ್ನ ಸಾಕು ಅನಸ್ತು."

ಲಲಿತಾಬಾಯಿಗೆ ಅಳು ಬರಲಿಲ್ಲ. ಮೂರು ವರ್ಷ ತನ್ನ ಹಣೆಯನ್ನು ಈ ಮುದುಕಿ ತನ್ನ ಮಗನ ಗೋರಿಯ ಮೇಲಿನ ದೀಪದಂತೆ ಇಟ್ಟುಕೊಂಡಿದ್ದಳು. ನಾನು ಹಚ್ಚುತ್ತಿದ್ದೆ, ಇವಳು ಬೆಚ್ಚಗಾಗುತ್ತಿದ್ದಳು. ಅವಳೊಳಗೆ ಏನೋ ಗಟ್ಟಿಯಾಗಿ ತಣ್ಣಗಾಯಿತು. ತನ್ನ ಬಾಯಿಯೊಳಗೆ ಒಂದು ಮಾತು ಇದೆ ಎಂದು ಅವಳಿಗೆ ಗೊತ್ತಿತ್ತು. ಅದನ್ನು ಹೇಳಬಾರದೆಂದೂ ಗೊತ್ತಿತ್ತು. ಹೇಳಿದರೆ ಏನಾಗುತ್ತದೆಂದೂ ಗೊತ್ತಿತ್ತು, ಅದಕ್ಕೇ ಹೇಳಿದಳು.

"ಕೂಸಿನ ಕುತ್ತಿಗಿಗೆ ಬಳ್ಳಿ ಸುತ್ತಿತ್ತಲ್ರಿ ಅತ್ತಿ. ದೇವರು ಹಾಕಿ ಕಳಿಸ್ಯಾನ ಅಂದ್ರೆಲ್ಲ. ಅದು ಸಾಯೂದಲ್ಲಂತ. ತಲಿ ಬಂದ ಕೂಡ್ಲೆ ಒಂದು ಬೆರಳು ಹಾಕಿ ದಾಟಸಿದ್ರ ಬದುಕ್ತಿತ್ತಂತ. ಒಂದು ಬೆರಳು. ನಿಮ್ಮ ಕೈ ಅಲ್ಲೇ ಇತ್ತು."

ಸುಂದರಬಾಯಿಯ ಬಾಯಿ ಸ್ವಲ್ಪ ತೆರೆದುಕೊಂಡಿತು. ಹೊಡೆಯಲು ಬಂದವರಿಂದ ತಪ್ಪಿಸಿಕೊಳ್ಳುವಂತೆ ಅವಳ ಎರಡೂ ಕೈ ಮೊದಲು ಮೇಲಕ್ಕೆ ಬಂದವು, ಆಮೇಲೆ ಅವೇ ಅವಳ ಕಣ್ಣಿಗೆ ಬಿದ್ದು ಅಲ್ಲಿಯೇ ನಿಂತವು. ಅವಳು ಅವುಗಳನ್ನು ನೋಡಿದಳು. "ಮುಟ್ಟಿದ್ರ ನಿನ್ನ ಒಳಗಿಂದ ಎಲ್ಲಾ ಹರದು ಬರ್ತದ ಅಂತ..." ಎಂದಳು, "ನೀ ಸಾಯ್ತಿ ಅಂತ ನಾ ಮುಟ್ಟಲಿಲ್ಲ." ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವಳಂತೆ ತೊಡೆಯ ಮೇಲಿಟ್ಟು, ತೆಗೆದು, ಕಟ್ಟೆಯ ಮೇಲಿಟ್ಟು, ಮತ್ತೆ ತೆಗೆದಳು. ರೊಟ್ಟಿಯ ಮೇಲೆ ನೊಣಗಳು ಕುಳಿತವು. ಲಲಿತಾಬಾ​ಯಿಗೆ ತನ್ನ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆನ್ನಿಸಿತು. ಅದು ಸುಳ್ಳು ಅತ್ತೀ, ಸಿಟ್ಟಿಗೆ ಅಂದೆ, ಎನ್ನಬೇಕೆನ್ನಿಸಿತು. ಕೊಟ್ಟಿಗೆಯಲ್ಲಿ ಎಮ್ಮೆಯ ಬೆನ್ನು ಸವರುತ್ತ ನಿಂತವನು ಇದನ್ನೆಲ್ಲ ನೋಡುತ್ತಿದ್ದಾನೆ ಎನ್ನಿಸಿತು, ತನ್ನ ತಾಯಿಗೆ ಹೆಂಡತಿ ಮಾಡಿದ್ದನ್ನು. ಆಮೇಲೆ ನೆನಪಾಯಿತು, ಅವನು ಎಲ್ಲಿಂದಲೂ ನೋಡುತ್ತಿಲ್ಲ. ವಾರ್ಡಿನೊಳಗಿನಿಂದ ಯಾವುದೋ ಹೆಂಗಸು ನರಳುವುದು ಕೇಳಿಸುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೇಳಿಸುತ್ತಿತ್ತು. ಬಿಸಿಲು ಕಲ್ಲಿನಿಂದ ಸರಿದು ಗೋಡೆ ಹತ್ತಿತು.

ಭಾಲ್ಕಿಗೆ ಬಸ್ಸಿನ ಹೊತ್ತಾಯಿತೆಂದು ಮುನೀರೋದ್ದೀನ ಬಾಗಿಲಿಗೆ ಬಂದು ಹೇಳಿ ಹೋದ. ಸುಂದರಬಾಯಿ ಎದ್ದಳು. ರೊಟ್ಟಿಯನ್ನು ಅರಿವೆಯಲ್ಲಿ ಮತ್ತೆ ಕಟ್ಟಿ ಸೊಸೆಯ ಪಕ್ಕದಲ್ಲಿಟ್ಟಳು. ಹೋಗಲಿಲ್ಲ. ನಿಂತಲ್ಲಿಂದಲೇ, "ತೋರ್ಸು" ಎಂದಳು.

ಲಲಿತಾಬಾಯಿಗೆ ಅರ್ಥವಾಗಲಿಲ್ಲ.

"ಸುಲಭಾಗ ಪುಷ್ಯದಾಗ ದಿನಾ ತುಂಬ್ತಾವ. ನೀ ಇಲ್ಲಿರ್ತಿ. ಬಿಸ್ಮಿಲ್ಲಾಬೀ ಊರು ಬಿಟ್ಟು ಹೋಗ್ಯಾಳ. ಮತ್ತ ನಂದೇ ಕೈ." ಸುಂದರಬಾಯಿ ತನ್ನ ಬಲಗೈಯನ್ನು ಚಾಚಿದಳು. "ಆ ಬೆರಳು ಹ್ಯಾಂಗ ಹಾಕ್ತಾರ, ತೋರ್ಸು."

ಲಲಿತಾಬಾಯಿ ಅದನ್ನು ಎಂದೂ ನೋಡಿದವಳಲ್ಲ, ಕೇಳಿದ್ದಷ್ಟೇ. ಇನ್ನೂ ಏನೂ ಕಲಿತಿರಲಿಲ್ಲ. ಎಡಗೈಯನ್ನು ಮುಷ್ಟಿ ಮಾಡಿ ಮೇಲೆತ್ತಿದಳು. ಇನ್ನೊಂದು ಕೈಯಿಂದ ರೊಟ್ಟಿಗಂಟಿನ ಅರಿವೆಯ ಉದ್ದನೆಯ ತುದಿಯನ್ನು ಎಳೆದು ಮಣಿಕಟ್ಟಿಗೆ ಒಂದು ಸುತ್ತು ಸುತ್ತಿ ಹಿಡಿದಳು. "ಇದು ತಲಿ ಅನ್ಕೋರಿ," ಎಂದಳು. "ಇದು ಬಳ್ಳಿ." ಸುಂದರಬಾಯಿ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತೋರುಬೆರಳನ್ನು ಸುತ್ತಿನೊಳಗೆ ತೂರಿಸಲು ನೋಡಿದಳು. ಹೋಗಲಿಲ್ಲ. ಮತ್ತೆ ತೂರಿಸಿ, ಗಾಬರಿಯಿಂದ ಜಗ್ಗಿದಳು.

"ಜಗ್ಗಬ್ಯಾಡ್ರಿ. ಬಿಗೀತದ. ಮೊದಲ ಸಡಲ ಮಾಡ್ರಿ. ಹಾಂ, ಹಾಂಗ. ಈಗ ಮ್ಯಾಲೆ ತರ್ರಿ, ಮೆಲ್ಲಕ."

ಅರಿವೆ ಬೆರಳಿನ ಮೇಲೆ ಹಿಗ್ಗಿ, ಮುಷ್ಟಿಯ ಗೆಣ್ಣುಗಳ ಮೇಲೆ ಒಂದೊಂದಾಗಿ ಏರಿ, ದಾಟಿ ಹೊರಗೆ ಬಂತು. ಸುಂದರಬಾಯಿ ಅದನ್ನು ಕೆಳಗೆ ಬಿಟ್ಟಳು. ಮುಷ್ಟಿಯನ್ನು ಬಿಡಲಿಲ್ಲ. ಎರಡೂ ಅಂಗೈಯಲ್ಲಿ ಅದನ್ನು ಹಿಡಿದುಕೊಂಡು, ಸೆರಗಿನಿಂದ ಮೆಲ್ಲಗೆ ಒರೆಸತೊಡಗಿದಳು, ಹಿಂದೆ, ಮುಂದೆ, ಮತ್ತೆ ಹಿಂದೆ. ಲಲಿತಾಬಾಯಿಗೆ ಮುಷ್ಟಿ ಬಿಚ್ಚಲಾಗಲಿಲ್ಲ.